ಒಡೆದ ಬಳೆಗೂ ಒಂದು ರಾಜ್ಯ: ನೇಕ್ ಚಂದ್ ಮತ್ತು ಬಿಸುಟ ವಸ್ತುಗಳ ಕಲೆ

ನಕ್ಷೆ ಹಾಕಿ, ಅಳತೆ ಹಿಡಿದು, ಗೆರೆ ಎಳೆದು ಕಟ್ಟಿದ ನಗರ ಚಂಡೀಗಢ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1950ರ ದಶಕದಲ್ಲಿ ರೂಪಿಸಿದ ಈ ನಗರದಲ್ಲಿ ರಸ್ತೆಗೊಂದು ದರ್ಜೆ, ಬಡಾವಣೆಗೊಂದು ಸಂಖ್ಯೆ ನಿಗದಿಯಾಗಿದೆ. ಇಂಥ ನಗರದ ನೆತ್ತಿಯ ಮೇಲೆ, ಹೈಕೋರ್ಟ್ ಹಾಗೂ ವಿಧಾನಸಭೆಗಳಿರುವ ಕ್ಯಾಪಿಟಲ್ ಸಂಕೀರ್ಣಕ್ಕೂ ಸುಖನಾ ಸರೋವರಕ್ಕೂ ನಡುವೆ, ಯಾವ ನಕ್ಷೆಯಲ್ಲೂ ಇರದಿದ್ದ ಮತ್ತೊಂದು ರಾಜ್ಯವಿದೆ. ಒಡೆದ ಬಳೆ, ಬಿರುಕುಬಿಟ್ಟ ಪಿಂಗಾಣಿ, ಕೆಟ್ಟುಹೋದ ಟ್ಯೂಬ್‌ಲೈಟ್, ಸೈಕಲ್ಲಿನ ಹ್ಯಾಂಡಲ್... ಊರು ಬಿಸುಟ ವಸ್ತುಗಳೇ ಅಲ್ಲಿನ ಪ್ರಜೆಗಳು. ಅದುವೇ ನೇಕ್ ಚಂದ್ ಸೈನಿ ನಿರ್ಮಿಸಿದ ರಾಕ್ ಗಾರ್ಡನ್.

ಬಳಸಿ ಬಿಟ್ಟ ವಸ್ತುಗಳಿಂದ ಕಲಾಕೃತಿ ರಚಿಸುವ ಪದ್ಧತಿಗೆ ಆಧುನಿಕ ಕಲೆಯಲ್ಲಿ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಆ ಕಲೆಯ ಸ್ವರೂಪವನ್ನೂ ಅದು ಎದುರಿಸುವ ಅಪಾಯವನ್ನೂ ಒಟ್ಟಿಗೆ ಅರಿಯಲು ಈ ಉದ್ಯಾನಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಕಸದಿಂದ ಹುಟ್ಟಿದ ಕೃತಿಯನ್ನು ಮತ್ತೆ ಕಸವೆಂದೇ ಕಾಣುವ ಕಣ್ಣುಗಳು ಎಲ್ಲ ಕಾಲದಲ್ಲೂ ಇರುತ್ತವೆ. ಸರ್ಕಾರಿ ಕಡತದ ಭಾಷೆಯಲ್ಲಿ ಅದಕ್ಕೆ ಅತಿಕ್ರಮಣ, ಅನಧಿಕೃತ ಕಟ್ಟಡ, ರಸ್ತೆಗೆ ಅಡ್ಡಿ ಎಂಬ ಹೆಸರುಗಳುಂಟು. 2025ರ ಆರಂಭದಲ್ಲೂ ರಾಕ್ ಗಾರ್ಡನ್ನಿನ ಗೋಡೆಯ ಒಂದು ಭಾಗ ಬುಲ್ಡೋಜರಿಗೆ ಆಹುತಿಯಾಯಿತು.

ಏನಿದು ಮಿಶ್ರ ಮಾಧ್ಯಮ?

ಒಂದೇ ಕೃತಿಯಲ್ಲಿ ಬಣ್ಣ, ಕಾಗದ, ಬಟ್ಟೆ, ಲೋಹ, ಮರ, ಗಾಜು ಮುಂತಾದ ಬೇರೆ ಬೇರೆ ದ್ರವ್ಯಗಳನ್ನು ಕೂಡಿಸುವುದಕ್ಕೆ ಮಿಶ್ರ ಮಾಧ್ಯಮ ಎನ್ನುತ್ತಾರೆ. ಸಮತಲದ ಮೇಲೆ ಕಾಗದ, ಬಟ್ಟೆಗಳನ್ನು ಅಂಟಿಸಿದರೆ ಅದು ಕೊಲಾಜ್. ವಸ್ತುಗಳನ್ನೇ ಜೋಡಿಸಿ ಮೂರು ಆಯಾಮದಲ್ಲಿ ನಿಲ್ಲಿಸಿದರೆ ಅಸೆಂಬ್ಲಾಜ್. ಈ ಎರಡನೆಯ ಪದವನ್ನು ಬಳಕೆಗೆ ತಂದವನು ಫ್ರೆಂಚ್ ಕಲಾವಿದ ಜಾನ್ ದುಬುಫೆ, 1950ರ ದಶಕದಲ್ಲಿ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 1961ರಲ್ಲಿ ಈ ಬಗೆಯ ಕಲೆಯದೇ ಒಂದು ದೊಡ್ಡ ಪ್ರದರ್ಶನ ಏರ್ಪಡಿಸಿದ ಬಳಿಕ ಅದು ಕಲಾವಲಯದ ಮಾನ್ಯ ಪದವಾಯಿತು.

ಆರಂಭದ ಕೃತಿಯೆಂದು ಸಾಮಾನ್ಯವಾಗಿ ಗುರುತಿಸುವುದು ಪ್ಯಾಬ್ಲೊ ಪಿಕಾಸೊ 1912ರಲ್ಲಿ ರಚಿಸಿದ ಒಂದು ಅಂಡಾಕಾರದ ಚಿತ್ರವನ್ನು. ಕುರ್ಚಿಯ ಬೆತ್ತದ ಹೆಣಿಗೆಯನ್ನು ಮುದ್ರಿಸಿದ್ದ ಎಣ್ಣೆಬಟ್ಟೆಯ ತುಂಡನ್ನು ಕ್ಯಾನ್ವಾಸಿಗೆ ಅಂಟಿಸಿ, ಚೌಕಟ್ಟಿನ ಬದಲು ಸುತ್ತಲೂ ನಿಜವಾದ ಹಗ್ಗ ಬಿಗಿದಿದ್ದ ಅವನು. ಅಡುಗೆಮನೆಯ ಮೇಜಿನ ಮೇಲೆ ಹಾಸುವ ಸಾಮಗ್ರಿ ಚಿತ್ರಶಾಲೆಗೆ ಕಾಲಿಟ್ಟ ಕ್ಷಣವದು.

ಇನ್ನೂ ಮುಂದೆ ಹೋದವನು ಜರ್ಮನಿಯ ಹ್ಯಾನೋವರಿನ ಕುರ್ಟ್ ಶ್ವಿಟರ್ಸ್. ಮೊದಲ ಮಹಾಯುದ್ಧದಲ್ಲಿ ಸೋತು ಹೈರಾಣಾದ ದೇಶದ ಬೀದಿಗಳಲ್ಲಿ ಟ್ರಾಮ್ ಚೀಟಿ, ಗುಂಡಿ, ಪೊಟ್ಟಣದ ಕಾಗದ, ಮರದ ಚೂರುಗಳನ್ನು ಹೆಕ್ಕಿ ಅವನು ಚಿತ್ರ ಕಟ್ಟತೊಡಗಿದ. 1919ರಲ್ಲಿ ಒಂದು ಕೃತಿಗೆಂದು ಕತ್ತರಿಸಿದ ಮುದ್ರಿತ ಕಾಗದದಲ್ಲಿ ‘ಕೊಮೆರ್ತ್ಸ್’ ಎಂಬ ಪದದ ಬಾಲ ಮಾತ್ರ ಉಳಿದಿತ್ತು: ‘ಮೆರ್ತ್ಸ್’. ವಾಣಿಜ್ಯ ಎಂಬ ಪದದ ಅರ್ಥವಿಲ್ಲದ ಆ ತುಣುಕನ್ನೇ ತನ್ನ ಕಲೆಗೆಲ್ಲ ಹೆಸರಾಗಿ ಇಟ್ಟುಕೊಂಡ. ತನ್ನ ಮನೆಯ ಕೋಣೆಗಳನ್ನೇ ವರ್ಷಗಟ್ಟಲೆ ಇಂಥ ಜೋಡಣೆಗಳಿಂದ ತುಂಬಿದ ಅವನು ನಾಜಿಗಳ ಕಾಲದಲ್ಲಿ, 1937ರಲ್ಲಿ, ನಾರ್ವೆಗೆ ಪಲಾಯನ ಮಾಡಬೇಕಾಯಿತು. 1943ರ ಬಾಂಬ್ ದಾಳಿಯಲ್ಲಿ ಆ ಮನೆ ನಾಶವಾಯಿತು. ಇಂದು ಅದನ್ನು ಛಾಯಾಚಿತ್ರಗಳಲ್ಲಿ ಮತ್ತು ಅವುಗಳ ಆಧಾರದಿಂದ ಮಾಡಿದ ಮರುನಿರ್ಮಾಣದಲ್ಲಿ ಮಾತ್ರ ಕಾಣಬಹುದು.

ಇವರೆಲ್ಲ ತರಬೇತಿ ಪಡೆದ ಕಲಾವಿದರು. ಇದೇ ಹಾದಿಯನ್ನು ಯಾವ ಶಾಲೆಯ ನೆರವೂ ಇಲ್ಲದೆ, ಪಿಕಾಸೊವಿನಿಂದಾಗಲಿ ಶ್ವಿಟರ್ಸನಿಂದಾಗಲಿ ಏನನ್ನೂ ಕಲಿಯದೆ ತುಳಿದವರೂ ಇದ್ದಾರೆ. ಅವರ ಕೃತಿಗಳಿಗೆ ದುಬುಫೆ ‘ಕಚ್ಚಾ ಕಲೆ’ ಎಂಬ ಅರ್ಥದ ಹೆಸರು ಕೊಟ್ಟ. 1972ರಲ್ಲಿ ಬ್ರಿಟನ್ನಿನ ವಿಮರ್ಶಕ ರೋಜರ್ ಕಾರ್ಡಿನಲ್ ‘ಔಟ್‌ಸೈಡರ್ ಆರ್ಟ್’ ಎಂದು ಕರೆದ. ನೇಕ್ ಚಂದ್‌ರನ್ನು ಬಹುತೇಕ ಗ್ರಂಥಗಳು ಈ ಗುಂಪಿಗೇ ಸೇರಿಸುತ್ತವೆ. ಆದರೆ ಅವರ ವಿಷಯದಲ್ಲಿ ‘ಹೊರಗಿನವ’ ಎಂಬ ಮಾತು ಅರ್ಧಸತ್ಯವಷ್ಟೆ. ಅವರು ಸರ್ಕಾರದ ಸಂಬಳ ಪಡೆಯುತ್ತಿದ್ದ ರಸ್ತೆ ಇನ್‌ಸ್ಪೆಕ್ಟರ್. ನಗರವನ್ನು ಕಟ್ಟುತ್ತಿದ್ದ ಇಲಾಖೆಯ ಒಳಗಿನವರೇ!

ಹಗಲು ನೌಕರಿ, ಇರುಳು ಉದ್ಯಾನ

ನೇಕ್ ಚಂದ್ ಜನಿಸಿದ್ದು 1924ರ ಡಿಸೆಂಬರ್ 15ರಂದು, ಇಂದು ಪಾಕಿಸ್ತಾನಕ್ಕೆ ಸೇರಿರುವ ಶಕರಗಢ ಪ್ರದೇಶದ ಒಂದು ಹಳ್ಳಿಯ ರೈತ ಕುಟುಂಬದಲ್ಲಿ. 1947ರ ವಿಭಜನೆ ಅವರ ಮನೆಯನ್ನೂ ಊರನ್ನೂ ಕಸಿದುಕೊಂಡಿತು. ಗಡಿ ದಾಟಿ ಬಂದ ಅವರಿಗೆ 1950ರ ದಶಕದ ಆರಂಭದಲ್ಲಿ ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ದೊರೆಯಿತು.

ಹೊಸ ರಾಜಧಾನಿಗಾಗಿ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳನ್ನು ತೆರವುಗೊಳಿಸಲಾಗಿತ್ತು. ಕೆಡವಿದ ಮನೆಗಳ ಅವಶೇಷ, ಒಡೆದ ಮಡಕೆ, ಮುರಿದ ಹೆಂಚು ಎಲ್ಲೆಂದರಲ್ಲಿ ರಾಶಿ ಬಿದ್ದಿದ್ದವು. ತಾವೇ ಒಂದು ಹಳ್ಳಿಯನ್ನು ಕಳೆದುಕೊಂಡು ಬಂದ ಮನುಷ್ಯ, ಕಳೆದುಹೋದ ಇತರ ಹಳ್ಳಿಗಳ ಚೂರುಗಳನ್ನು ಹೆಕ್ಕತೊಡಗಿದರು ಎಂಬಲ್ಲಿ ಈ ಕಥೆಯ ಹುರುಳಿದೆ. ಪ್ರವಾಸಿ ಕೈಪಿಡಿಗಳು ರಾಕ್ ಗಾರ್ಡನ್ನನ್ನು ‘ಕಸದಿಂದ ರಸ’ ಎಂಬ ಜಾಣ ಉಪಾಯವಾಗಿ ವರ್ಣಿಸುತ್ತವೆ. ಆ ವರ್ಣನೆಯಲ್ಲಿ ಈ ನೋವಿನ ಎಳೆ ಜಾರಿಹೋಗುತ್ತದೆ.

1950ರ ದಶಕದ ಉತ್ತರಾರ್ಧದಲ್ಲಿ ಸಂಗ್ರಹ ಆರಂಭವಾಯಿತು. ಮೊದಲು ಬಂದದ್ದು ಕಲ್ಲುಗಳು. ಶಿವಾಲಿಕ್ ಬೆಟ್ಟಗಳ ತಪ್ಪಲಿನ ಹಳ್ಳ-ತೊರೆಗಳಲ್ಲಿ ನೀರು ಸವೆಸಿದ, ಹಕ್ಕಿಯಂತೆ, ಮನುಷ್ಯನಂತೆ, ಯಾವುದೋ ಮೃಗದಂತೆ ಕಾಣುವ ಕಲ್ಲುಗಳನ್ನು ಆರಿಸಿ ಸೈಕಲ್ಲಿನ ಮೇಲೆ ಹೊತ್ತು ತರುತ್ತಿದ್ದರು. ಅವನ್ನು ಕೆತ್ತಲಿಲ್ಲ, ತಿದ್ದಲಿಲ್ಲ. ನಿಲ್ಲಿಸಿದರು, ಅಷ್ಟೆ. ಬಾಲ್ಯದಲ್ಲಿ ಕೇಳಿದ ದೇವತೆ-ರಾಜರ ಕಥೆಗಳು ತಲೆಯಲ್ಲಿದ್ದವು. ಈ ಕಲ್ಲುಗಳು ಆ ಕಾಣದ ರಾಜ್ಯದ ಪ್ರಜೆಗಳಾದವು.

ಇದಕ್ಕೆ ಅವರು ಆಯ್ದುಕೊಂಡ ಜಾಗ ಸುಖನಾ ಸರೋವರದ ಸಮೀಪದ ಒಂದು ಕುರುಚಲು ಕಣಿವೆ. ಏನನ್ನೂ ಕಟ್ಟುವಂತಿಲ್ಲದ ಕಾಯ್ದಿಟ್ಟ ಅರಣ್ಯಭೂಮಿಯದು. ಪತ್ತೆಯಾದರೆ ಕೃತಿ ನೆಲಸಮವಾಗುವುದು ಮಾತ್ರವಲ್ಲ, ನೌಕರಿಗೂ ಸಂಚಕಾರ. ಹಗಲೆಲ್ಲ ಇಲಾಖೆಯ ರಸ್ತೆ ಕೆಲಸ ಮುಗಿಸಿ ಸಂಜೆಯ ಬಳಿಕ ಅಲ್ಲಿಗೆ ಹೋಗಿ, ಹಳೆಯ ಟೈರುಗಳನ್ನು ಉರಿಸಿದ ಬೆಳಕಿನಲ್ಲಿ ದುಡಿಯುತ್ತಿದ್ದರು. ಹೀಗೆ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಗುಟ್ಟು ಗುಟ್ಟಾಗಿಯೇ ಉಳಿಯಿತು. ಆಪ್ತರು ಕೆಲವರನ್ನು ಬಿಟ್ಟರೆ ಬೇರಾರಿಗೂ ಇದರ ಸುಳಿವಿರಲಿಲ್ಲ. ದೇಶದಲ್ಲೇ ಅತ್ಯಂತ ಯೋಜಿತವೆನಿಸಿದ ನಗರದ ಪಕ್ಕದಲ್ಲಿ ಸುಮಾರು 12 ಎಕರೆಯ ಉದ್ಯಾನ ಆಡಳಿತದ ಕಣ್ಣಿಗೆ ಬೀಳದೆ ಬೆಳೆಯಿತೆಂಬುದು ಇಂದಿಗೂ ಸೋಜಿಗ.

ಕೈಗೆ ಸಿಕ್ಕಿದ್ದೇ ಮೈಗೆ ಉಡುಪು

ನೇಕ್ ಚಂದ್ ಯಾವ ಕಲಾಶಾಲೆಯಲ್ಲೂ ಕಲಿತವರಲ್ಲವಾದರೂ ಸಿಮೆಂಟಿನ ಗುಣ ಬಲ್ಲವರಾಗಿದ್ದರು. ಎಷ್ಟು ಮರಳಿಗೆ ಎಷ್ಟು ಸಿಮೆಂಟ್, ಎಷ್ಟು ದಿನ ನೀರುಣಿಸಬೇಕು ಎಂಬ ರಸ್ತೆ ಕಾಮಗಾರಿಯ ತಿಳಿವಳಿಕೆಯೇ ಅವರ ಶಿಲ್ಪವಿದ್ಯೆಯ ತಳಹದಿ.

ಅವರ ವಿಧಾನ ಸರಳ. ಮೊದಲು ಕಬ್ಬಿಣದ ಸರಳು, ಕೊಳವೆ ಅಥವಾ ಹಳೆಯ ಸೈಕಲ್ಲಿನ ಭಾಗಗಳಿಂದ ಎಲುಬಿನ ಗೂಡು. ಅದರ ಮೇಲೆ ಒರಟು ಕಾಂಕ್ರೀಟಿನ ಮಾಂಸ. ಕೊನೆಯ ಪದರ ಹಸಿಯಾಗಿರುವಾಗಲೇ ಅದರೊಳಗೆ ಚೂರುಗಳನ್ನು ಒತ್ತಿ ಕೂರಿಸುವುದು. ಬಳೆಯ ಚೂರು ಒತ್ತಿದ ಹೆಂಗಸರ ಸಾಲು ಒಂದೆಡೆ. ಬಿಳಿಯ ಪಿಂಗಾಣಿ ತಟ್ಟೆ-ಬಟ್ಟಲುಗಳ ಚೂರು ಹೊದ್ದ ಪ್ರಾಣಿಗಳ ಹಿಂಡು ಇನ್ನೊಂದೆಡೆ. ಮುಖಗಳನ್ನು ಮಾತ್ರ ಹಲವೆಡೆ ನುಣುಪಾಗಿ ಉಜ್ಜಿ ಬಿಟ್ಟಿದ್ದಾರೆ. ಹಾಗಾಗಿ ನೂರಾರು ಆಕೃತಿಗಳು ಒಂದೇ ಬಗೆಯ ಮೌನದಲ್ಲಿ ನೋಡುಗನನ್ನು ದಿಟ್ಟಿಸುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ರೇಖಾಚಿತ್ರ ಬರೆದುಕೊಂಡು, ಅದಕ್ಕೆ ತಕ್ಕ ಸಾಮಗ್ರಿ ಹುಡುಕಿದ ಕೆಲಸವಲ್ಲ ಇದು. ಸಾಮಗ್ರಿ ಮೊದಲು, ಆಕೃತಿ ಆಮೇಲೆ. ಸೈಕಲ್ಲಿನ ಸೀಟು ಪ್ರಾಣಿಯ ತಲೆಯಾಗಬಲ್ಲದೆಂದು ಕಂಡುಕೊಂಡದ್ದು ಕಣ್ಣು. ಕೈ ಅದನ್ನು ಹಿಂಬಾಲಿಸಿತು. ವಿದ್ಯುತ್ ಸಾಕೆಟ್‌ಗಳ ಪಿಂಗಾಣಿ ಗೋಡೆಯ ಅಲಂಕಾರವಾಯಿತು, ಡಾಂಬರಿನ ಖಾಲಿ ಪೀಪಾಯಿ ಗೋಡೆಯೇ ಆಯಿತು, ಎರಕದ ಕುಲುಮೆಯ ಕಿಟ್ಟ ಬಂಡೆಯಾಯಿತು. ಅಂತಃಸ್ಫೂರ್ತಿ ಎಂಬ ದೊಡ್ಡ ಪದಕ್ಕೆ ಈ ಕಲೆಯಲ್ಲಿರುವ ಅರ್ಥ ಇಷ್ಟೇ: ವಸ್ತು ಏನಾಗಲು ಒಲ್ಲದು, ಏನಾಗಲು ಒಪ್ಪೀತು ಎಂಬುದನ್ನು ನೋಡುತ್ತ ಕುಳಿತುಕೊಳ್ಳುವ ತಾಳ್ಮೆ.

ಉದ್ಯಾನದ ದಾರಿಗಳೂ ಇದೇ ಸ್ವಭಾವದವು. ನಗರದ ನೇರ ರಸ್ತೆಗಳಿಗೆ ಉತ್ತರವೆಂಬಂತೆ ಇಲ್ಲಿ ಎಲ್ಲವೂ ಡೊಂಕು. ಕಿರಿದಾದ ಓಣಿ, ತಿರುವು, ಥಟ್ಟನೆ ತೆರೆದುಕೊಳ್ಳುವ ಅಂಗಳ. ಹಲವು ಬಾಗಿಲುಗಳು ಬಹಳ ತಗ್ಗು. ಎಂಥ ದೊಡ್ಡ ಮನುಷ್ಯನೂ ಇಲ್ಲಿ ತಲೆಬಾಗಿಯೇ ಒಳಹೋಗಬೇಕು!

ಆಕೃತಿಗಳ ಪೈಕಿ ಕಡಿಮೆ ಚರ್ಚೆಗೆ ಒಳಗಾದವು ಚಿಂದಿ ಬಟ್ಟೆಯ ಗೊಂಬೆಗಳು. ಹಳ್ಳಿಯ ಹೆಂಗಸರು, ಗಂಡಸರು, ಮಕ್ಕಳು, ದನಕರುಗಳನ್ನು ಹಳೆಯ ಬಟ್ಟೆ ಸುತ್ತಿ, ತಂತಿಯಲ್ಲಿ ಕಟ್ಟಿ ಆಳೆತ್ತರಕ್ಕೆ ನಿಲ್ಲಿಸಿದ ಇವು ಸಿಮೆಂಟಿನ ಸೈನ್ಯಕ್ಕಿಂತ ಮನೆಯವರಂತೆ ತೋರುತ್ತವೆ. ಮಳೆ, ಗೆದ್ದಲು, ತೇವ ಮೂರೂ ಇವಕ್ಕೆ ಶತ್ರುಗಳಾದ್ದರಿಂದ ಬಯಲಿನಲ್ಲಿ ಇಡುವಂತಿಲ್ಲ. ಈಗ ಉದ್ಯಾನದ ಒಳಗೇ ಇವಕ್ಕೆ ಪ್ರತ್ಯೇಕ ಗೊಂಬೆ ಸಂಗ್ರಹಾಲಯವಿದೆ.

ಪತ್ತೆಯಾದ ಬಳಿಕ

1970ರ ದಶಕದ ಮೊದಲರ್ಧದಲ್ಲಿ ಗುಟ್ಟು ರಟ್ಟಾಯಿತು. ನಿಯಮದ ಪ್ರಕಾರ ಮುಂದಿನ ಹೆಜ್ಜೆ ಸ್ಪಷ್ಟವಾಗಿತ್ತು: ಸರ್ಕಾರಿ ಭೂಮಿಯಲ್ಲಿ ಸರ್ಕಾರಿ ನೌಕರ ಮಾಡಿದ ಅತಿಕ್ರಮಣವನ್ನು ತೆರವುಗೊಳಿಸುವುದು. ಆದರೆ ಸುದ್ದಿ ಹಬ್ಬಿ ಜನ ನೋಡಲು ಬರತೊಡಗಿದ್ದರು. ನಗರದ ಹಸಿರು ವಿನ್ಯಾಸದ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿ, ಸಸ್ಯಪ್ರೇಮಿ ಎಂ.ಎಸ್. ರಾಂಧವಾ ಅವರಂಥವರು ಉದ್ಯಾನದ ಪರ ನಿಂತರು. 1976ರಲ್ಲಿ ಅದು ಸಾರ್ವಜನಿಕರಿಗೆ ಅಧಿಕೃತವಾಗಿ ತೆರೆಯಿತು. ನೇಕ್ ಚಂದ್‌ಗೆ ‘ಉಪವಿಭಾಗೀಯ ಎಂಜಿನಿಯರ್, ರಾಕ್ ಗಾರ್ಡನ್’ ಎಂಬ ಹುದ್ದೆ, ಸಂಬಳ ಹಾಗೂ 50 ಮಂದಿ ಕೆಲಸಗಾರರು ದೊರೆತರು. ತಪ್ಪಿತಸ್ಥನಿಗೆ ಅವನು ಮಾಡಿದ ತಪ್ಪಿನದೇ ಹುದ್ದೆ ಸೃಷ್ಟಿಸಿಕೊಟ್ಟ ಉದಾಹರಣೆ ಆಡಳಿತದ ಚರಿತ್ರೆಯಲ್ಲಿ ವಿರಳ.

ಕರ್ನಾಟಕದ ಓದುಗರಿಗೆ ಆಸಕ್ತಿ ಮೂಡಿಸುವ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಉದ್ಯಾನದ ಆರಂಭದ ವರ್ಷಗಳಲ್ಲಿ ಚಂಡೀಗಢದ ಮುಖ್ಯ ಆಯುಕ್ತರಾಗಿದ್ದ ಟಿ.ಎನ್. ಚತುರ್ವೇದಿಯವರೇ ಮುಂದೆ 2002ರಿಂದ 2007ರವರೆಗೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದರು.

1983ರಲ್ಲಿ ಅಂಚೆ ಇಲಾಖೆ ಉದ್ಯಾನದ ಚಿತ್ರವಿರುವ ಅಂಚೆಚೀಟಿ ಹೊರತಂದಿತು. 1984ರಲ್ಲಿ ನೇಕ್ ಚಂದ್‌ಗೆ ಪದ್ಮಶ್ರೀ ಸಂದಿತು. ಜಲಪಾತ, ಕಮಾನುಗಳ ಸಾಲು, ಜೋಕಾಲಿಗಳ ಮಂಟಪ ಹೀಗೆ ಉದ್ಯಾನ ಮೂರು ಹಂತಗಳಲ್ಲಿ ಬೆಳೆಯುತ್ತ ಹೋಯಿತು. ಕಾಮಗಾರಿಗೆ ಬೇಕಾದ ಒಡಕು ಸಾಮಾನು ತಂದು ಸುರಿಯಲು ನಗರದಲ್ಲಿ ಸಂಗ್ರಹ ಕೇಂದ್ರಗಳನ್ನೇ ತೆರೆಯಲಾಗಿತ್ತು.

ಪ್ರಶಸ್ತಿಗಳು ಬುಲ್ಡೋಜರನ್ನು ತಡೆಯಲಿಲ್ಲ. 1980ರ ದಶಕದ ಕೊನೆಯಲ್ಲಿ, ಪಕ್ಕದ ಹೈಕೋರ್ಟಿನ ವಾಹನಗಳಿಗೆ ರಸ್ತೆ ಮತ್ತು ನಿಲುಗಡೆಯ ಜಾಗ ಬೇಕೆಂಬ ಬೇಡಿಕೆ ಎದ್ದು, ಉದ್ಯಾನದ ಒಂದು ಪಾಲನ್ನು ಕೆಡವುವ ಯತ್ನ ನಡೆಯಿತು. ಊರಿನ ಜನ ಕೈ ಕೈ ಹಿಡಿದು ಮಾನವ ಸರಪಳಿ ರಚಿಸಿ ಯಂತ್ರಗಳನ್ನು ಹಿಮ್ಮೆಟ್ಟಿಸಿದರು. ವ್ಯಾಜ್ಯದಲ್ಲೂ ಉದ್ಯಾನ ಉಳಿಯಿತು. 1996ರಲ್ಲಿ ನೇಕ್ ಚಂದ್ ಅಮೆರಿಕ ಪ್ರವಾಸದಲ್ಲಿದ್ದಾಗ ಅನುದಾನಕ್ಕೆ ಕತ್ತರಿ ಬಿತ್ತು. ಕಿಡಿಗೇಡಿಗಳು ನುಗ್ಗಿ ಶಿಲ್ಪಗಳನ್ನು ಹಾನಿಗೊಳಿಸಿದರು. ಆಗಲೂ ನೆರವಿಗೆ ಬಂದದ್ದು ನಾಗರಿಕರೇ ಸೇರಿದ ರಾಕ್ ಗಾರ್ಡನ್ ಸೊಸೈಟಿ.

2015ರ ಜೂನ್‌ನಲ್ಲಿ, 90ನೇ ವಯಸ್ಸಿನಲ್ಲಿ ನೇಕ್ ಚಂದ್ ನಿಧನರಾದರು. ಮರುವರ್ಷ, 2016ರಲ್ಲಿ, ಪಕ್ಕದ ಕ್ಯಾಪಿಟಲ್ ಸಂಕೀರ್ಣಕ್ಕೆ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ದೊರೆಯಿತು. ನಕ್ಷೆಯ ಕಟ್ಟಡಗಳಿಗೆ ಜಾಗತಿಕ ರಕ್ಷಣೆ ಬಂದರೆ, ನಕ್ಷೆಯಿಲ್ಲದ ಉದ್ಯಾನದ ಭದ್ರತೆ ಸ್ಥಳೀಯ ಆಡಳಿತದ ಮರ್ಜಿಯಲ್ಲೇ ಉಳಿಯಿತು. ಅದರ ಫಲ 2025ರ ಫೆಬ್ರವರಿ-ಮಾರ್ಚ್‌ನಲ್ಲಿ ಕಂಡಿತು. ಹೈಕೋರ್ಟ್ ಬಳಿಯ ರಸ್ತೆ ಅಗಲೀಕರಣ ಹಾಗೂ ವಾಹನ ನಿಲುಗಡೆಯ ಸಲುವಾಗಿ ಉದ್ಯಾನದ ಗೋಡೆಯ ಒಂದು ಭಾಗವನ್ನು ಕೆಡವಲಾಯಿತು. ನಾಗರಿಕರು, ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಗೋಡೆಯನ್ನು ಹಿಂದಕ್ಕೆ ಸರಿಸಿ ಮತ್ತೆ ಕಟ್ಟಿಸುವುದಾಗಿ ಆಡಳಿತ ಹೇಳಿತು. ಕಟ್ಟಬಹುದು, ನಿಜ. ಆದರೆ ಕೈಗೆ ಸಿಕ್ಕ ಚೂರನ್ನು ಕಣ್ಣಳತೆಯಲ್ಲಿ ಕೂರಿಸುತ್ತ ಹೋದ ಗೋಡೆಗೆ ಅಂದಾಜುಪಟ್ಟಿ ಬರೆಯುವುದು ಹೇಗೆಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಲಾಸ್ ಏಂಜಲಿಸ್‌ನ ಗೋಪುರಗಳು

ಇದೇ ಕಥೆ ಭೂಮಿಯ ಇನ್ನೊಂದು ತುದಿಯಲ್ಲೂ ನಡೆದಿತ್ತು. ಇಟಲಿಯಿಂದ ವಲಸೆ ಹೋಗಿ ಕಟ್ಟಡ ಕೂಲಿಯಾಗಿ ದುಡಿಯುತ್ತಿದ್ದ ಸೈಮನ್ ರೋಡಿಯಾ ಎಂಬಾತ ಲಾಸ್ ಏಂಜಲಿಸ್‌ನ ವಾಟ್ಸ್ ಎಂಬಲ್ಲಿ, ತನ್ನ ಸಣ್ಣ ನಿವೇಶನದಲ್ಲಿ, 1921ರಿಂದ 1954ರವರೆಗೆ ಒಬ್ಬನೇ ಗೋಪುರಗಳನ್ನು ಕಟ್ಟಿದ. ಉಕ್ಕಿನ ಸರಳಿಗೆ ತಂತಿಬಲೆ ಸುತ್ತಿ, ಗಾರೆ ಬಳಿದು, ಬಾಟಲಿ ಚೂರು, ಹೆಂಚು, ಕಪ್ಪೆಚಿಪ್ಪು ಒತ್ತಿದ ಆ ಗೋಪುರಗಳಲ್ಲಿ ಅತಿ ಎತ್ತರದ್ದು ಸುಮಾರು 30 ಮೀಟರ್. 1955ರಲ್ಲಿ ಜಾಗವನ್ನು ನೆರೆಯವನಿಗೆ ಬಿಟ್ಟುಕೊಟ್ಟು ಹೊರಟುಹೋದ ರೋಡಿಯಾ ಮತ್ತೆ ಅತ್ತ ತಿರುಗಿ ನೋಡಲಿಲ್ಲ.

ನಗರಾಡಳಿತ ಅವನ್ನು ಅಪಾಯಕಾರಿ ಎಂದು ಘೋಷಿಸಿ ಕೆಡವಲು ಆದೇಶಿಸಿತು. ಕಲಾಪ್ರಿಯರು ತಕರಾರು ತೆಗೆದಾಗ 1959ರಲ್ಲಿ ಬಲಪರೀಕ್ಷೆಯೇ ನಡೆಯಿತು. 10,000 ಪೌಂಡ್, ಅಂದರೆ ಸುಮಾರು 4,500 ಕಿಲೋ ಭಾರದಷ್ಟು ಬಲದಿಂದ ಗೋಪುರವನ್ನು ಎಳೆಯಲಾಯಿತು. ಗೋಪುರ ಜಗ್ಗಲಿಲ್ಲ, ಎಳೆದ ಯಂತ್ರವೇ ಸೋತಿತು. 1990ರಲ್ಲಿ ಅಮೆರಿಕ ಸರ್ಕಾರ ಅವನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು.

ಎಲ್ಲ ಕೃತಿಗಳಿಗೂ ಇಂಥ ಭಾಗ್ಯವಿಲ್ಲ. ವಾಷಿಂಗ್ಟನ್ನಿನ ಮಕ್ಕಳ ಸಂಗ್ರಹಾಲಯವೊಂದಕ್ಕಾಗಿ ನೇಕ್ ಚಂದ್ 1980ರ ದಶಕದ ಮಧ್ಯಭಾಗದಲ್ಲಿ ರಚಿಸಿಕೊಟ್ಟಿದ್ದ ಉದ್ಯಾನವನ್ನು 2004ರಲ್ಲಿ ಆ ಸಂಸ್ಥೆ ಜಾಗ ಬಿಟ್ಟಾಗ ಕಳಚಲಾಯಿತು. ಶಿಲ್ಪಗಳು ಬೇರೆ ಬೇರೆ ಸಂಗ್ರಹಾಲಯಗಳಿಗೆ ಹಂಚಿಹೋದವು. ಅದೇ 2004ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್‌ನಲ್ಲಿ ಗುಸ್ತಾವ್ ಮೆಟ್ಸ್‌ಗರ್ ಎಂಬ ಕಲಾವಿದನ ಕೃತಿಯ ಭಾಗವಾಗಿದ್ದ ಕಾಗದ-ರಟ್ಟು ತುಂಬಿದ ಚೀಲವನ್ನು ಶುಚಿಗೊಳಿಸುವವರು ನಿಜವಾದ ಕಸವೆಂದೇ ತಿಳಿದು ಎಸೆದುಬಿಟ್ಟಿದ್ದರು. ನಗು ತರಿಸುವ ಪ್ರಸಂಗವೇನೋ ಸರಿ. ಆದರೆ ತಪ್ಪು ಯಾರದೆಂದು ಹೇಳುವುದು ಅಷ್ಟು ಸುಲಭವಲ್ಲ.

ನಮ್ಮಲ್ಲಿ: ಕೌದಿಯಿಂದ ಡಾಂಬರು ಪೀಪಾಯಿಯವರೆಗೆ

ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವ ಕನ್ನಡನಾಡಿಗೆ ಈ ಕಲೆ ಹೊಸದೇನಲ್ಲ. ಅದನ್ನು ಕಲೆಯೆಂದು ಕರೆಯುವ ಅಭ್ಯಾಸ ನಮಗಿರಲಿಲ್ಲ, ಅಷ್ಟೆ. ಇವುಗಳಲ್ಲಿ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಂಗಸರ ಕೌದಿಗಳು ವಿಶಿಷ್ಟ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶಸ್ಥರಾದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಇವರ ಕೌದಿಗಳು ಅಮೆರಿಕದ ಸಂಗ್ರಹಾಲಯಗಳಲ್ಲೂ ಪ್ರದರ್ಶನಗೊಂಡಿವೆ.

ಹಳೆಯ ಸೀರೆಯೊಂದನ್ನು ತಳಕ್ಕೆ ಹಾಸಿ, ಅಂಚಿನ ಒಂದು ಮೂಲೆಯಿಂದ ಹೊಲಿಗೆ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಸೇರುವುದು ಇವರ ಕ್ರಮ. ಮೊದಲೇ ಬರೆದಿಟ್ಟ ವಿನ್ಯಾಸವಿರುವುದಿಲ್ಲ. ಕೈಗೆ ಬಂದ ಮುಂದಿನ ತುಂಡು ಹಿಂದಿನ ತುಂಡಿನ ಪಕ್ಕದಲ್ಲಿ ಹೊಂದುತ್ತದೆಯೇ ಎಂಬುದೇ ನಿರ್ಧಾರ. ಮುಗಿದ ಕೌದಿಯ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ತ್ರಿಕೋನಗಳನ್ನು ಹೊಲಿಯುತ್ತಾರೆ. ಇವನ್ನು ಹೂವು ಎನ್ನುವುದು ರೂಢಿ. ಹೂವಿಲ್ಲದ ಕೌದಿ ಇವರ ಲೆಕ್ಕದಲ್ಲಿ ಅಪೂರ್ಣ. ಮಕ್ಕಳಿಗೆಂದು ಹೊಲಿದವುಗಳ ಮೇಲೆ ಬಣ್ಣಬಣ್ಣದ ಸಣ್ಣ ಚೂರುಗಳ ಸಡಗರ ಹೆಚ್ಚು.

ಇನ್ನೊಂದು ತುದಿಯಲ್ಲಿ, 1957ರಲ್ಲಿ ಭದ್ರಾವತಿಯಲ್ಲಿ ಜನಿಸಿ ಬೆಂಗಳೂರಿನಲ್ಲಿ ನೆಲೆಸಿರುವ ಷೀಲಾ ಗೌಡ ಇದ್ದಾರೆ. ಇವರು ಕಲಾಶಾಲೆಯಲ್ಲಿ ಪಳಗಿದವರು. ಚಿತ್ರಕಲೆಯಿಂದ ಸೆಗಣಿ, ಕುಂಕುಮ ಬಳಿದ ದಾರ, ಕೂದಲ ಹಗ್ಗಗಳತ್ತ ಹೊರಳಿದವರು. ರಸ್ತೆ ಕೆಲಸಗಾರರು ಡಾಂಬರು ಪೀಪಾಯಿಗಳನ್ನು ಚಪ್ಪಟೆ ಮಾಡಿ ಗುಡಿಸಲು ಕಟ್ಟಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. 2006ರ ‘ಡಾರ್ಕ್‌ರೂಮ್’ ಎಂಬ ಕೃತಿ ಅಂಥ ಪೀಪಾಯಿಗಳಿಂದಲೇ ಆದದ್ದು. ದೃಷ್ಟಿಯಾಗದಿರಲೆಂದು ವಾಹನದ ಬಂಪರಿಗೆ ಕೂದಲ ಹಗ್ಗ ಕಟ್ಟುವ ನಮ್ಮ ಚಾಲಕರ ಪದ್ಧತಿ 2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶನಗೊಂಡ ‘ಬಿಹೋಲ್ಡ್’ ಕೃತಿಯ ಮೂಲ. ಸಿದ್ದಿ ಅಜ್ಜಿಗೂ ಷೀಲಾ ಗೌಡರಿಗೂ ಶಿಕ್ಷಣದಲ್ಲಿ, ಉದ್ದೇಶದಲ್ಲಿ, ಮಾರುಕಟ್ಟೆಯಲ್ಲಿ ಅಜಗಜಾಂತರವಿದೆ. ಆದರೂ ವಸ್ತುವಿನ ಹಿಂದಿನ ಬದುಕನ್ನು ಅಳಿಸದೆ ಬಳಸುವ ವಿಷಯದಲ್ಲಿ ಇಬ್ಬರೂ ಒಂದೇ.

ಹಾವೇರಿ ಜಿಲ್ಲೆಯ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನನ್ನು ಚಂಡೀಗಢದ್ದರ ಪ್ರತಿರೂಪವೆಂದು ಕೆಲವರು ಭಾವಿಸುವುದುಂಟು. ಇದು ಹೆಸರಿನ ಸಾಮ್ಯ ಮಾತ್ರ. ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಗೊಟಗೋಡಿಯದು ಗ್ರಾಮಜೀವನವನ್ನು ಯಥಾವತ್ತಾಗಿ ತೋರುವ ಸಿಮೆಂಟ್ ಶಿಲ್ಪಗಳ ಲೋಕ. ನೇಕ್ ಚಂದ್ ಅವರ ಕೈಕೆಲಸವನ್ನು ದಕ್ಷಿಣದಲ್ಲೇ ನೋಡಬಯಸುವವರು ಕೇರಳದ ಪಾಲಕ್ಕಾಡ್ ಸಮೀಪದ ಮಲಂಪುಳ ಅಣೆಕಟ್ಟೆಯ ಬಳಿಗೆ ಹೋಗಬೇಕು. ಅಲ್ಲಿನ ರಾಕ್ ಗಾರ್ಡನ್ ಅವರೇ ರೂಪಿಸಿದ್ದು. ಬಳೆ ಚೂರು, ಹೆಂಚು, ಒಡೆದ ಟೈಲ್ಸ್ ಅಲ್ಲಿಯೂ ಉಂಟು.

ಮನೆಯಲ್ಲಿ ಮಾಡುವವರಿಗೆ

ಹವ್ಯಾಸವಾಗಿ ಈ ಕಲೆಯನ್ನು ಆರಂಭಿಸುವವರು ಸಾಮಾನ್ಯವಾಗಿ ಎಡವುವುದು ಆತುರದಲ್ಲಿ. ವಸ್ತು ಸಿಕ್ಕ ದಿನವೇ ಅಂಟು ಹಾಕಿಬಿಡುತ್ತಾರೆ. ಮೊದಲು ಕೂಡಿಡಬೇಕು. ಬಳಿಕ ಹಲಗೆಯ ಮೇಲೆ ಅಂಟಿಲ್ಲದೆ ಹರಡಿ, ಸ್ಥಾನ ಬದಲಿಸಿ, ಒಂದೆರಡು ದಿನ ಹಾಗೇ ಬಿಟ್ಟು ನೋಡಬೇಕು. ಬೇಡವೆನಿಸಿದ್ದನ್ನು ತೆಗೆಯುವುದೇ ಹೆಚ್ಚಿನ ಕೆಲಸ. ಬಹುಪಾಲು ಕೃತಿಗಳು ಕೆಡುವುದು ವಸ್ತು ಸಾಲದೆ ಅಲ್ಲ, ಅತಿಯಾಗಿ.

ತಳಕ್ಕೆ ರಟ್ಟಿಗಿಂತ ಪ್ಲೈವುಡ್ ಒಳ್ಳೆಯದು. ರಟ್ಟು ತೇವಕ್ಕೆ ಬಾಗುತ್ತದೆ. ಕಾಗದ, ಬಟ್ಟೆ, ಮರಕ್ಕೆ ಫೆವಿಕಾಲ್ ಸಾಕು. ಲೋಹ, ಗಾಜು, ಪಿಂಗಾಣಿಗೆ ಅದು ನಿಲ್ಲದು. ಎರಡು ಕೊಳವೆಗಳ ಅರಾಲ್ಡೈಟ್ ಅಥವಾ ಎಂ-ಸೀಲ್ ಬೇಕು. ಭಾರದ ವಸ್ತುವನ್ನು ಅಂಟಿಗೆ ನಂಬಿಸದೆ ತಂತಿಯಿಂದ ಕಟ್ಟಿ ಅಥವಾ ತಿರುಪಿನಿಂದ ಬಿಗಿಯಬೇಕು. ಮೈದಾ ಅಂಟಿಗೆ ಹುಳು ಹತ್ತುತ್ತದೆ. ಹಳೆಯ ಕಾಲದ ಪುಸ್ತಕ ಕಟ್ಟುವವರು ಇದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷವಾದ್ದರಿಂದ ಮಕ್ಕಳಿರುವ ಮನೆಯಲ್ಲಿ ಬೇಡ.

ವೃತ್ತಪತ್ರಿಕೆಯ ತುಣುಕು ಆಕರ್ಷಕವಾದರೂ ಅದರ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುವುದರಿಂದ ಬಿಸಿಲಿಗೆ ಬೇಗ ಹಳದಿಗಟ್ಟುತ್ತದೆ. (ನಮ್ಮ ವೃತ್ತಿಗೆ ಇದು ಹಿತವಾದ ಸತ್ಯವಲ್ಲ.) ತುಕ್ಕಿನ ಬಣ್ಣ ಬೇಕೆನ್ನುವವರು ಸಡಿಲ ತುಕ್ಕನ್ನು ಉಜ್ಜಿ ತೆಗೆದು, ಉಳಿದದ್ದರ ಮೇಲೆ ವಾರ್ನಿಷ್ ಬಳಿಯಬೇಕು; ಇಲ್ಲವಾದರೆ ಅದು ಪಕ್ಕದ ಬಟ್ಟೆಯನ್ನೂ ಕಾಗದವನ್ನೂ ತಿನ್ನುತ್ತದೆ.

ನೇಕ್ ಚಂದ್ ಬಳಸಿದ ಎಲ್ಲ ವಸ್ತುಗಳನ್ನೂ ಅನುಕರಿಸುವುದು ಸಲ್ಲದು. ಟ್ಯೂಬ್‌ಲೈಟಿನೊಳಗೆ ಪಾದರಸದ ಆವಿಯಿರುತ್ತದೆ, ಒಡೆಯಬಾರದು. ಹಳೆಯ ಬಾಗಿಲು-ಕಿಟಕಿಗಳ ಎಣ್ಣೆಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು, ಒಣಗಿದ್ದನ್ನು ಉಜ್ಜಿ ಪುಡಿ ಮಾಡಬಾರದು. ಕಲ್ನಾರಿನ ಶೀಟು, ಹಳೆಯ ಟಿ.ವಿ.ಯ ಪಿಕ್ಚರ್ ಟ್ಯೂಬ್, ಬ್ಯಾಟರಿಗಳನ್ನು ಮುಟ್ಟದಿರುವುದೇ ಕ್ಷೇಮ. ಗಾಜು, ಪಿಂಗಾಣಿ ಒಡೆಯುವಾಗ ದಪ್ಪ ಗೋಣಿಚೀಲದೊಳಗಿಟ್ಟು ಸುತ್ತಿಗೆಯಿಂದ ತಟ್ಟಬೇಕು, ಕಣ್ಣಿಗೆ ಕನ್ನಡಕ ಇರಬೇಕು.

ಕೆಲಸ ಮುಗಿದ ಮೇಲೆ ಹಲಗೆಯ ಹಿಂಬದಿಯಲ್ಲಿ ದಿನಾಂಕ, ಬಳಸಿದ ಅಂಟು, ಸಾಧ್ಯವಾದರೆ ಯಾವ ವಸ್ತು ಎಲ್ಲಿಂದ ಬಂತೆಂಬುದನ್ನೂ ಪೆನ್ಸಿಲಿನಲ್ಲಿ ಬರೆದಿಡುವುದು ಒಳಿತು. ದುರಸ್ತಿ ಮಾಡುವವರು ಮೊದಲು ಹುಡುಕುವುದು ಆ ವಿವರವನ್ನೇ. ಮನೆ ಬದಲಿಸುವಾಗ ಗುಜರಿಯವನ ತಕ್ಕಡಿಗೆ ಹೋಗದಂತೆ ತಡೆಯಲೂ ಅದು ನೆರವಾದೀತು.